ಚಾರ್ವಾಕರ ತಲೆಗೆ ಕಟ್ಟಿದ ಸಾಲ

ಅಪ್ಪನ ವೈದಿಕದ ದಿನ. ಊಟವಾಗಿ, ಬ್ರಾಹ್ಮಣರನ್ನು ಕಳಿಸಿಕೊಟ್ಟು, ಮನೆಯವರೆಲ್ಲ ಹಜಾರದಲ್ಲಿ ಕೂತಿದ್ದೆವು. ದೊಡ್ಡಪ್ಪ ಎಲೆ ಅಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ನಾನು ಮಗುಚಿಟ್ಟಿದ್ದ ಪುಸ್ತಕವನ್ನು ಕೈಗೆತ್ತಿಕೊಂಡರು. ಅದು ‘ಸರ್ವದರ್ಶನಸಂಗ್ರಹ’. ಎಷ್ಟೋ ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವರಿಗೆ ಅದರ ಪರಿಚಯ ಇಲ್ಲದೆ ಇಲ್ಲ. ತೆರೆದಿದ್ದ ಪುಟ ನೋಡಿದ ಮೇಲೆ ಮಾತ್ರ ಅವರ ಮುಖ ಗಂಟಿಕ್ಕಿತು. “ಹದಿನಾರು ದರ್ಶನಗಳಲ್ಲಿ ನಿನಗೆ ಇದೇ ಸಿಕ್ಕಿತೇನೋ? ಅದೂ ಇವತ್ತಿನ ದಿನ?” ಎಂದರು.

ಅದು ಚಾರ್ವಾಕ ದರ್ಶನದ ಅಧ್ಯಾಯ. ಲೋಕಾಯತ ಎಂಬುದು ಅದರ ಇನ್ನೊಂದು ಹೆಸರು. ಆ ಮಧ್ಯಾಹ್ನ ದೊಡ್ಡಪ್ಪ, ಅತ್ತೆ, ತಮ್ಮಂದಿರು ಎತ್ತಿದ ಆಕ್ಷೇಪಗಳು ನಮ್ಮ ಮನೆಯವು ಮಾತ್ರವಲ್ಲ, ಎಲ್ಲ ಕಡೆ ಕೇಳಿಬರುವಂಥವು. ಅವನ್ನೇ ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ. ಯಾರನ್ನೂ ಚಾರ್ವಾಕರನ್ನಾಗಿ ಮಾಡುವ ಹಂಬಲ ನನಗಿಲ್ಲ. ಶತಮಾನಗಳಿಂದ ಎದುರಾಳಿಗಳ ಬಾಯಲ್ಲಿ ಮಾತ್ರ ಬದುಕಿರುವ ಒಂದು ವಿಚಾರಕ್ಕೆ ನ್ಯಾಯವಾಗಿ ಕಿವಿಗೊಡಬೇಕು ಎಂಬುದಷ್ಟೇ ನನ್ನ ಹಟ.

ತಪ್ಪು ಕಲ್ಪನೆ: ಸಾಲ ಮಾಡಿಯಾದರೂ ತುಪ್ಪ ತಿನ್ನಿ ಎಂದು ಕಲಿಸಿದವರು ಚಾರ್ವಾಕರು.

ವಾಸ್ತವ: ಚಾರ್ವಾಕ ಎಂದೊಡನೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಈ ತುಪ್ಪವೇ. ಸಾಲ ಮಾಡಿ ಮದುವೆ ಮಾಡಿದವರನ್ನು, ಕಂತಿನ ಮೇಲೆ ಕಾರು ಕೊಂಡವರನ್ನು ಆಡಿಕೊಳ್ಳುವುದಕ್ಕೂ ಇದೇ ಮಾತು ಬಳಕೆಯಾಗುತ್ತದೆ. ಮಾತು ಬಂದ ದಾರಿಯನ್ನು ಸ್ವಲ್ಪ ಹುಡುಕಿ ನೋಡಬೇಕು.

ಸರ್ವದರ್ಶನಸಂಗ್ರಹ ಹುಟ್ಟಿದ್ದು 14ನೇ ಶತಮಾನದಲ್ಲಿ, ವಿಜಯನಗರದ ಆಶ್ರಯದಲ್ಲಿ. ಅದು ಮಾಧವಾಚಾರ್ಯರ ಹೆಸರಿನಲ್ಲಿದೆ. ಇವರು ಉಡುಪಿಯ ಮಧ್ವಾಚಾರ್ಯರಲ್ಲ, ವಿದ್ಯಾರಣ್ಯರೆಂದು ಪರಂಪರೆ ಗುರುತಿಸುವವರು. ಗ್ರಂಥದ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ. ಅದರ ಆರಂಭದಲ್ಲಿ ಒಂದು ಶ್ಲೋಕ ಬರುತ್ತದೆ. ಬದುಕಿರುವಷ್ಟು ಕಾಲ ಸುಖವಾಗಿ ಬಾಳಬೇಕು, ಸಾವಿನ ಕೈಗೆ ಸಿಗದೆ ಉಳಿಯುವುದು ಯಾವುದೂ ಇಲ್ಲ ಎಂಬುದು ಅದರ ತಾತ್ಪರ್ಯ. ಅದೇ ಅಧ್ಯಾಯದ ಕೊನೆಗೆ ಬನ್ನಿ, ಅದೇ ಶ್ಲೋಕ ಮತ್ತೆ ಕಾಣುತ್ತದೆ. ಆದರೆ ಸಾವಿನ ಮಾತು ಇದ್ದ ಜಾಗದಲ್ಲಿ ಈಗ ಸಾಲವೂ ತುಪ್ಪವೂ ಬಂದು ಕೂತಿವೆ! ಒಂದೇ ಅಧ್ಯಾಯದಲ್ಲಿ ಒಂದೇ ಶ್ಲೋಕಕ್ಕೆ ಎರಡು ಮುಖ.

ಯಾವುದು ಹಳೆಯದು? ಚಾರ್ವಾಕ ಅಧ್ಯಯನದಲ್ಲಿ ಬದುಕು ಸವೆಸಿದ ಬಂಗಾಳದ ವಿದ್ವಾಂಸ ರಾಮಕೃಷ್ಣ ಭಟ್ಟಾಚಾರ್ಯ ಈ ಶ್ಲೋಕ ಎಲ್ಲೆಲ್ಲಿ ಉಲ್ಲೇಖವಾಗಿದೆಯೋ ಅದನ್ನೆಲ್ಲ ಕೂಡಿಹಾಕಿ ನೋಡಿದರು. ವಿಜಯನಗರಕ್ಕಿಂತ ಶತಮಾನಗಳ ಹಿಂದಿನ ಗ್ರಂಥಗಳಲ್ಲಿ ಇರುವುದು ಸಾವಿನ ಪಾಠ. ತುಪ್ಪದ ಪಾಠ ಆಮೇಲಿನದು. ಯಾರು ತಿದ್ದಿದರೋ, ಯಾವ ಗಳಿಗೆಯಲ್ಲಿ ತಿದ್ದಿದರೋ! ಸಾವನ್ನು ಎದುರಿಗಿಟ್ಟುಕೊಂಡು ಆಡಿದ ಗಂಭೀರವಾದ ಒಂದು ಮಾತು ಹೊಟ್ಟೆಬಾಕನ ಮಾತಾಗಿ ಬದಲಾಯಿತು. ಉಳಿದದ್ದು ಆ ಬದಲಾದ ಮಾತೇ.

ಇದನ್ನು ಹೇಳಿದಾಗ ದೊಡ್ಡಪ್ಪ ನಂಬಲಿಲ್ಲ. ಕನ್ನಡಕ ಏರಿಸಿ ಎರಡೂ ಪುಟಗಳನ್ನು ತಾವೇ ಹುಡುಕಿ ಓದಿಕೊಂಡರು. ಮಾತಾಡಲಿಲ್ಲ.

ಸುಖದ ಬಗ್ಗೆ ಆ ಅಧ್ಯಾಯ ನಿಜವಾಗಿ ಹೇಳುವುದು ರೈತನಿಗೂ ಅಡುಗೆಮನೆಯವರಿಗೂ ಗೊತ್ತಿರುವ ವಿವೇಕ. ಜಿಂಕೆ ಮೇಯುತ್ತದೆ ಎಂದು ಬಿತ್ತನೆ ನಿಲ್ಲಿಸುವವರಿಲ್ಲ. ಭಿಕ್ಷುಕರು ಬರುತ್ತಾರೆ ಎಂದು ಒಲೆಯ ಮೇಲೆ ಪಾತ್ರೆ ಇಡದವರಿಲ್ಲ. ಹಾಗೆಯೇ ದುಃಖ ಬೆರೆತಿದೆ ಎಂಬ ಕಾರಣಕ್ಕೆ ಬದುಕಿನ ಸುಖವನ್ನು ಬಿಟ್ಟು ಓಡಬೇಕಿಲ್ಲ. ಇದರಲ್ಲಿ ಲಂಪಟತನ ಎಲ್ಲಿದೆ? ಮಾಂಸ ತಿನ್ನುವುದನ್ನು ಯಜ್ಞದ ಹೆಸರಿನಲ್ಲಿ ಸೇರಿಸಿದವರು ನಿಶಾಚರರು ಎಂಬ ಟೀಕೆಯೂ ಚಾರ್ವಾಕರ ಬಾಯಿಂದ ಅಲ್ಲೇ ಬರುತ್ತದೆ. ತಿಂದು ತೇಗುವುದೇ ಧರ್ಮ ಎನ್ನುವವರು ಆಡುವ ಮಾತಲ್ಲ ಅದು.

ತಪ್ಪು ಕಲ್ಪನೆ: ಕಣ್ಣಿಗೆ ಕಂಡದ್ದೇ ಸತ್ಯ, ಉಳಿದದ್ದು ಸುಳ್ಳು ಎಂಬುದು ಅವರ ಮೊಂಡುವಾದ.

ವಾಸ್ತವ: ಪ್ರತ್ಯಕ್ಷವೊಂದೇ ಪ್ರಮಾಣ, ಅನುಮಾನವನ್ನು ನಂಬುವಂತಿಲ್ಲ ಎಂದು ಚಾರ್ವಾಕರು ವಾದಿಸಿದರೆಂಬುದು ಎಲ್ಲರೂ ಹೇಳುವ ಮಾತು. ಇಲ್ಲಿ ಅನುಮಾನ ಎಂದರೆ ಸಂಶಯವಲ್ಲ, ಹೊಗೆ ಕಂಡು ಬೆಂಕಿಯನ್ನು ಊಹಿಸುವ ತರ್ಕ. ನ್ಯಾಯ ದರ್ಶನದ ಪಂಡಿತ ಉದಯನ ಇದಕ್ಕೆ ಕೊಟ್ಟ ಉತ್ತರ ಪ್ರಸಿದ್ಧ. ಕಾಣದ್ದು ಇಲ್ಲವೇ ಇಲ್ಲ ಎನ್ನುವುದಾದರೆ, ಮನೆಯಿಂದ ಹೊರಬಿದ್ದ ಚಾರ್ವಾಕ ಹೆಂಡತಿ ಮಕ್ಕಳು ಕಾಣದ್ದರಿಂದ ಅವರು ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ ಎಂದ ಆತ. ದೊಡ್ಡಪ್ಪ ಈ ಉತ್ತರವನ್ನು ಖುಷಿಯಿಂದ ನೆನಪಿಸಿದರು. ಬಲವಾದ ಉತ್ತರ ಎಂದು ನಾನೂ ಒಪ್ಪುತ್ತೇನೆ.

ಆದರೆ ಅದು ನಾಟುವುದು ಯಾರಿಗೆ? 8ನೇ ಶತಮಾನದ ಬೌದ್ಧ ಪಂಡಿತ ಕಮಲಶೀಲ, ಪುರಂದರನೆಂಬ ಚಾರ್ವಾಕನ ಅಭಿಪ್ರಾಯವನ್ನು ದಾಖಲಿಸಿದ್ದಾನೆ. (ನಮ್ಮ ದಾಸರಿಗೂ ಈತನಿಗೂ ಸಂಬಂಧವಿಲ್ಲ.) ಲೋಕದಲ್ಲಿ ಎಲ್ಲರೂ ಬಳಸುವ ಅನುಮಾನವನ್ನು ಚಾರ್ವಾಕರೂ ಒಪ್ಪುತ್ತಾರೆ, ಲೋಕದ ದಾರಿಯನ್ನು ದಾಟಿ ಪರಲೋಕದ ಬಗ್ಗೆ ಹೂಡುವ ಅನುಮಾನವನ್ನು ಮಾತ್ರ ಒಪ್ಪುವುದಿಲ್ಲ ಎಂಬುದು ಪುರಂದರನ ನಿಲುವು. ಹೊಗೆಯಿಂದ ಬೆಂಕಿಯನ್ನು ಊಹಿಸಿದರೆ, ನಡೆದುಹೋಗಿ ಬೆಂಕಿ ಇದೆಯೇ ಎಂದು ನೋಡಬಹುದು. ಸ್ವರ್ಗವನ್ನು ಊಹಿಸಿದರೆ ಹೋಗಿ ನೋಡಿಬಂದು ಹೇಳುವವರು ಯಾರು? ಪರೀಕ್ಷೆಗೆ ಸಿಗುವ ಊಹೆ ಬೇರೆ, ಪರೀಕ್ಷೆಗೆ ಸಿಗದ ಊಹೆ ಬೇರೆ. ಇದು ಮೊಂಡುತನವಲ್ಲ, ಬಹಳ ಸೂಕ್ಷ್ಮವಾದ ವಿಂಗಡಣೆ. ಮನೆಯಲ್ಲಿರುವ ಹೆಂಡತಿ ಮಕ್ಕಳ ಬಗ್ಗೆ ಪುರಂದರನಿಗೆ ಯಾವ ಆತಂಕವೂ ಇರಬೇಕಿಲ್ಲ.

ಈ ವಿಂಗಡಣೆಯ ಹಿಂದಿನ ಕಾಳಜಿ ಅರ್ಥವಾಗಬೇಕಾದರೆ ತೋಳದ ಹೆಜ್ಜೆಯ ಕಥೆ ಕೇಳಬೇಕು. ಜೈನಾಚಾರ್ಯ ಹರಿಭದ್ರ ತನ್ನ ‘ಷಡ್ದರ್ಶನಸಮುಚ್ಚಯ’ದಲ್ಲಿ ಇದನ್ನು ಸೂಚಿಸುತ್ತಾನೆ, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಒಬ್ಬ ಚಾರ್ವಾಕ, ಅವನ ಹೆಂಡತಿ ಮಹಾ ಆಸ್ತಿಕಳು. ಗಂಡ ಎಷ್ಟು ವಾದಿಸಿದರೂ ಅವಳು ಒಪ್ಪಲೊಲ್ಲಳು. ಒಂದು ರಾತ್ರಿ ಅವನು ಅವಳನ್ನು ಊರಾಚೆ ಕರೆದೊಯ್ದು, ದಾರಿಯ ಧೂಳಿನಲ್ಲಿ ತನ್ನ ಬೆರಳುಗಳಿಂದಲೇ ತೋಳದ ಹೆಜ್ಜೆಗಳನ್ನು ಮೂಡಿಸುತ್ತ ಬಂದ. ಬೆಳಗಾದ ಮೇಲೆ ಊರಿನ ಪಂಡಿತರು ಗುಂಪುಗೂಡಿ ಹೆಜ್ಜೆ ನೋಡಿದರು, ಕಾಡಿನಿಂದ ತೋಳ ಬಂದು ಹೋಗಿದೆ ಎಂದು ತೀರ್ಮಾನಿಸಿದರು. ಗಂಡ ಹೆಂಡತಿಗೆ ಅವರನ್ನು ತೋರಿಸಿದ. ಇಷ್ಟು ಓದಿದವರು, ಇಷ್ಟು ಜನ ಒಟ್ಟಾಗಿ, ಒಮ್ಮತದಿಂದ ಹೇಳುತ್ತಿದ್ದಾರೆ, ಆದರೂ ತೋಳ ಬಂದಿಲ್ಲ. ಅದು ಅವಳೊಬ್ಬಳಿಗೆ ಗೊತ್ತು.

ಹೆಂಡತಿ ಅದರಿಂದ ಚಾರ್ವಾಕಳಾದಳೋ ಇಲ್ಲವೋ ನನಗೆ ಮುಖ್ಯವಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಗಂಡ ಆರಿಸಿಕೊಂಡ ದಾರಿ. ಅವನು ಅವಳ ನಂಬಿಕೆಯನ್ನು ಹೀಯಾಳಿಸಲಿಲ್ಲ, ಕೂಗಾಡಲಿಲ್ಲ. ಕೈಹಿಡಿದು ಕರೆದುಕೊಂಡು ಹೋಗಿ, ನೋಡು ಎಂದ. ಒಪ್ಪದವರ ಮುಂದೆ ಒಂದು ವಿಚಾರವನ್ನು ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. ಇವತ್ತು ಮೊಬೈಲಿನಲ್ಲಿ ಸುತ್ತುವ ಪವಾಡದ ವಿಡಿಯೋಗಳನ್ನು, ತಜ್ಞರ ಹೆಸರಿನಲ್ಲಿ ಬರುವ ಔಷಧಿಯ ಸಲಹೆಗಳನ್ನು ನೋಡುವಾಗಲೆಲ್ಲ ಆ ಧೂಳಿನ ಹೆಜ್ಜೆಗಳು ನೆನಪಾಗುತ್ತವೆ.

ತಪ್ಪು ಕಲ್ಪನೆ: ಇದು ಹೊರಗಿನ ಸರಕು, ನಮ್ಮ ಪರಂಪರೆಯದ್ದಲ್ಲ.

ವಾಸ್ತವ: ಈ ಮಾತು ಬಂದದ್ದು ತಮ್ಮನಿಂದ. ಅವನಿಗೆ ಮೈಸೂರಿನ ಕಥೆ ಹೇಳಿದೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅರ್ಥಶಾಸ್ತ್ರ ಎಲ್ಲ ವಿದ್ಯೆಗಳಿಗೆ ದೀಪವೆಂದು ಕರೆಯುವುದು ಆನ್ವೀಕ್ಷಿಕಿ ಎಂಬ ವಿಚಾರವಿದ್ಯೆಯನ್ನು. ಅದರೊಳಗೆ ಬರುವುವು ಮೂರು: ಸಾಂಖ್ಯ, ಯೋಗ, ಲೋಕಾಯತ. ಅಲ್ಲಿನ ಲೋಕಾಯತ ಎಂದರೆ ವಾದವಿದ್ಯೆ ಇರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗೇ ಆಗಲಿ. ರಾಜಕುಮಾರ ಕಲಿಯಬೇಕಾದ ವಿದ್ಯೆಗಳಲ್ಲಿ ಅದಕ್ಕೊಂದು ಜಾಗವಿತ್ತು ಎಂಬುದರಲ್ಲಿ ಸಂದೇಹವಿಲ್ಲ.

7ನೇ ಶತಮಾನದ ಬಾಣಭಟ್ಟ ‘ಹರ್ಷಚರಿತ’ದಲ್ಲಿ ವಿಂಧ್ಯದ ಕಾಡಿನ ದಿವಾಕರಮಿತ್ರನ ಆಶ್ರಮವನ್ನು ವರ್ಣಿಸುವಾಗ ಜೈನ, ಭಾಗವತ, ಸಾಂಖ್ಯರ ಸಾಲಿನಲ್ಲೇ ಲೋಕಾಯತಿಕರನ್ನೂ ಕೂರಿಸುತ್ತಾನೆ. ಬೌದ್ಧ ಗುರುವಿನ ಆಶ್ರಮದಲ್ಲಿ ಅವರೆಲ್ಲ ಒಟ್ಟಿಗೆ ಓದುತ್ತ, ಸಂಶಯ ಎತ್ತುತ್ತ, ಚರ್ಚಿಸುತ್ತ ಇದ್ದಾರೆ. ನಮ್ಮ ಆದಿಕವಿಯೂ ಇವರನ್ನು ಬಿಟ್ಟಿಲ್ಲ. ಪಂಪನ ‘ಆದಿಪುರಾಣ’ದಲ್ಲಿ ಮಹಾಬಲ ರಾಜನಿಗೆ ನಾಲ್ವರು ಮಂತ್ರಿಗಳು. ಜೀವ, ಪರಲೋಕಗಳ ಬಗ್ಗೆ ಸಭೆಯಲ್ಲಿ ವಾದ ಏಳುತ್ತದೆ, ಮಣ್ಣು, ನೀರು ಮೊದಲಾದ ಭೂತಗಳ ಕೂಟದಿಂದಲೇ ಚೇತನ ಎಂಬ ಪಕ್ಷವನ್ನು ಹಿಡಿದು ಮಾತಾಡುವ ಮಂತ್ರಿಯೂ ಅಲ್ಲಿದ್ದಾನೆ. ಸ್ವಯಂಬುದ್ಧ ಎಂಬ ಮಂತ್ರಿ ಅದನ್ನು ಖಂಡಿಸುತ್ತಾನೆ, ಕಾವ್ಯದ ಒಲವು ಆ ಕಡೆಗೇ. ಆದರೂ ಕನ್ನಡ ಕಾವ್ಯ ಕಣ್ಣು ಬಿಡುತ್ತಿದ್ದ 10ನೇ ಶತಮಾನದಲ್ಲೇ ಈ ವಾದ ಕನ್ನಡದ ರಾಜಸಭೆಯೊಂದರಲ್ಲಿ ನಿಂತು ಮಾತಾಡಿತ್ತು.

ಅಕ್ಬರನ ಕಾಲಕ್ಕೂ ಇದರ ನೆನಪು ಅಳಿದಿರಲಿಲ್ಲ. ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಚಾರ್ವಾಕರ ಬಗ್ಗೆ ಸಹಾನುಭೂತಿಯಿಲ್ಲದೆಯೇ ಬರೆದ. ಆದರೂ ನ್ಯಾಯವಾದ ಆಡಳಿತ, ಜನಹಿತದ ಸರ್ಕಾರಕ್ಕೆ ಬೇಕಾದ ವಿದ್ಯೆಗಳನ್ನು ಅವರು ಮನ್ನಿಸುತ್ತಾರೆ ಎಂಬುದನ್ನು ದಾಖಲಿಸಿದ.

ತಪ್ಪು ಕಲ್ಪನೆ: ದೇವರು, ಪರಲೋಕ ಇಲ್ಲವೆಂದರೆ ನೀತಿಯೂ ಇಲ್ಲ. ನಾಸ್ತಿಕನಿಗೆ ಯಾವ ಅಂಕೆ?

ವಾಸ್ತವ: ಮೊದಲು ಪದವನ್ನು ನೋಡೋಣ. ಪಾಣಿನಿಯ ವ್ಯಾಕರಣದ ಪ್ರಕಾರ ‘ಇಲ್ಲ’ ಎಂಬ ಮತಿಯುಳ್ಳವನು ನಾಸ್ತಿಕ. ಇಲ್ಲ ಎಂದದ್ದು ಪರಲೋಕವನ್ನು ಎಂದು ವ್ಯಾಖ್ಯಾನಕಾರರು ಬಿಡಿಸಿದರು. ಮನುಸ್ಮೃತಿಗೆ ಬಂದರೆ ವೇದವನ್ನು ನಿಂದಿಸುವವನು ನಾಸ್ತಿಕ. ಆ ಲೆಕ್ಕದಲ್ಲಿ ಶ್ರವಣಬೆಳಗೊಳದ ಗೊಮ್ಮಟನ ಮುಂದೆ ಕೈಮುಗಿಯುವ ಜೈನರೂ ನಾಸ್ತಿಕರ ಪಟ್ಟಿಗೇ ಸೇರುತ್ತಾರೆ. ಇನ್ನೊಂದು ಕಡೆ, ವೇದವನ್ನೇ ಉಸಿರಾಗಿಸಿಕೊಂಡ ಪೂರ್ವಮೀಮಾಂಸಕರಿಗೆ ಜಗತ್ತನ್ನು ಸೃಷ್ಟಿಸಿದ ಈಶ್ವರ ಬೇಕಿಲ್ಲ, ಆದರೂ ಅವರು ಆಸ್ತಿಕರು. ಹೀಗಿರುವಾಗ ನಾಸ್ತಿಕ ಎಂಬ ಒಂದು ಪದದಿಂದ ಯಾರ ಶೀಲವನ್ನೂ ಅಳೆಯಲಾಗದು.

ಇನ್ನು ನಡತೆ. ಬೆಂಗಳೂರಿನವರಿಗೆ ಎಚ್. ನರಸಿಂಹಯ್ಯನವರನ್ನು ಪರಿಚಯಿಸಬೇಕಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತಶಾಸ್ತ್ರದ ಮೇಷ್ಟರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಕಟ್ಟಿ ದೇಶದ ಗಮನ ಸೆಳೆದವರು. ಅವರು ತಮ್ಮನ್ನು ಚಾರ್ವಾಕ ಎಂದು ಕರೆದುಕೊಂಡವರಲ್ಲ. ಆದರೆ ಪರೀಕ್ಷಿಸದೆ ಒಪ್ಪಬೇಡಿ ಎಂಬ ಮಾತಿನಲ್ಲಿ ಬದುಕಿದವರು. ಆ ಬದುಕು ಹೇಗಿತ್ತು? ಖಾದಿ ಬಟ್ಟೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ಕೋಣೆ, ಸಂಸಾರವಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ. ಪರಲೋಕದ ಭಯವಿಲ್ಲದವನು ಭೋಗದಲ್ಲಿ ಮುಳುಗುತ್ತಾನೆ ಎನ್ನುವವರು ಆ ಕೋಣೆಯನ್ನು ನೆನೆಯಬೇಕು.

ಹಳೆಯ ಚಾರ್ವಾಕರ ನೀತಿಯ ಸುಳಿವುಗಳನ್ನು ಅವರ ವಿರೋಧಿಗಳೇ ಕಾಪಾಡಿಕೊಟ್ಟಿದ್ದಾರೆ. 12ನೇ ಶತಮಾನದ ಶ್ರೀಹರ್ಷ ಕವಿ ‘ನೈಷಧೀಯಚರಿತ’ದ 17ನೇ ಸರ್ಗದಲ್ಲಿ ಚಾರ್ವಾಕನನ್ನು ಕಲಿಯ ಪರಿವಾರದಲ್ಲಿ ತಂದು ನಿಲ್ಲಿಸಿದ್ದು ಬೈಯುವುದಕ್ಕೆಂದೇ. ಆದರೆ ಅವನ ಬಾಯಲ್ಲಿ ಇಟ್ಟ ಮಾತುಗಳನ್ನು ಕೇಳಿ. ಜಾತಿ ಶುದ್ಧವೆನ್ನಬೇಕಾದರೆ ತಂದೆ ತಾಯಿಯ ಕಡೆಯ ಎಲ್ಲ ಪೂರ್ವಿಕರೂ ಶುದ್ಧವೆಂದು ಗೊತ್ತಿರಬೇಕು, ಅದು ಯಾರಿಗೆ ಗೊತ್ತು, ಹಾಗಾದರೆ ಯಾವ ಜಾತಿ ಶುದ್ಧ ಎನ್ನುತ್ತಾನೆ. ಕಾಮ ಇಬ್ಬರಿಗೂ ಸಮನಾಗಿರುವಾಗ ಹೆಂಗಸರಿಗೆ ಮಾತ್ರ ಕಾವಲು ಹಾಕುವ ಗಂಡಸರನ್ನು ಜರೆಯುತ್ತಾನೆ. ಕವಿ ಇದನ್ನು ಪಾಪಿಯ ಮಾತೆಂದು ಬರೆದ. ನಾವು ಇಂದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಬೇಕೆಂದಿರುವುದು ಇದನ್ನೇ ಅಲ್ಲವೇ?

ಎಲ್ಲವನ್ನೂ ನಾನು ಸಮರ್ಥಿಸಲಾರೆ. ಲೋಕಕ್ಕೆ ಕಾಣುವ ರಾಜನೇ ಪರಮೇಶ್ವರ ಎಂಬ ಮಾತು ಸರ್ವದರ್ಶನಸಂಗ್ರಹದ ಚಾರ್ವಾಕರಲ್ಲಿದೆ. ರಾಜ ಕೆಟ್ಟವನಾದರೆ ಏನು ಗತಿ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅವರ ಮೂಲಸೂತ್ರಗಳು, ಭಾಷ್ಯಗಳು ಕಳೆದುಹೋಗಿ ಚೂರುಗಳಷ್ಟೇ ಉಳಿದಿರುವುದರಿಂದ ಉತ್ತರ ಇತ್ತೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ. 1926ರಲ್ಲಿ ಗುಜರಾತಿನ ಪಾಟಣದ ಭಂಡಾರದಲ್ಲಿ ಜಯರಾಶಿ ಭಟ್ಟನ ‘ತತ್ತ್ವೋಪಪ್ಲವಸಿಂಹ’ದ ತಾಳೆಗರಿ ಪ್ರತಿ ಸಿಕ್ಕಿದಾಗ ಆಸೆ ಚಿಗುರಿತು. 1940ರಲ್ಲಿ ಬರೋಡಾದಿಂದ ಅದು ಪ್ರಕಟವಾಯಿತು. ಆದರೆ ಜಯರಾಶಿ ಪ್ರತ್ಯಕ್ಷವನ್ನೂ ಬಿಡದೆ ಎಲ್ಲ ಪ್ರಮಾಣಗಳನ್ನೂ ಅಲುಗಾಡಿಸುವವನು. ಅವನನ್ನು ಚಾರ್ವಾಕನೆನ್ನಬೇಕೇ ಬೇಡವೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ತಪ್ಪು ಕಲ್ಪನೆ: ದೇಹವೇ ಎಲ್ಲ ಎನ್ನುವವರಿಗೆ ಮನುಷ್ಯ ಎಂದರೆ ಬರೀ ಮಣ್ಣು.

ವಾಸ್ತವ: ದೊಡ್ಡಪ್ಪನ ತಟ್ಟೆಯಲ್ಲೇ ಇದಕ್ಕೆ ಉತ್ತರವಿತ್ತು. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಯಾವುದರಲ್ಲೂ ಕಾಣದ ಕೆಂಪು, ಮೂರೂ ಸೇರಿ ಜಗಿದಾಗ ಬಾಯಿ ತುಂಬುತ್ತದೆ. ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಭೂತಗಳು ಒಂದು ವಿಶೇಷ ರೀತಿಯಲ್ಲಿ ಕೂಡಿದಾಗ ಚೇತನವೂ ಹಾಗೆ ಮೂಡುತ್ತದೆ ಎಂದು ಚಾರ್ವಾಕರು ಕೊಟ್ಟ ಉಪಮೆ ಇದೇ. ಧಾನ್ಯ ಕೊಳೆತು ಮದ್ಯವಾಗಿ ಅಮಲು ಬರುವುದು ಅವರ ಇನ್ನೊಂದು ಉಪಮೆ. ಚೇತನವನ್ನು ಅವರು ಇಲ್ಲವೆನ್ನಲಿಲ್ಲ, ಅದಕ್ಕೆ ದೇಹದಾಚೆ ಬೇರೆ ಒಡೆಯನಿಲ್ಲ ಎಂದರು. ಮಿದುಳಿನಿಂದ ಅರಿವು ಹೇಗೆ ಹುಟ್ಟುತ್ತದೆ ಎಂಬುದು ಇವತ್ತಿನ ವಿಜ್ಞಾನಕ್ಕೂ ಬಿಡಿಸಲಾಗದ ಗಂಟು. ಆದ್ದರಿಂದ ಎಲೆ ಅಡಿಕೆಯ ಉಪಮೆ ಎಲ್ಲವನ್ನೂ ಬಗೆಹರಿಸಿತು ಎನ್ನಲಾರೆ. ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಇಟ್ಟಿತು ಎನ್ನಬಲ್ಲೆ.

ತಪ್ಪು ಕಲ್ಪನೆ: ಅವರು ಶ್ರಾದ್ಧವನ್ನು ಗೇಲಿ ಮಾಡಿದವರು, ಸತ್ತವರ ಮೇಲೆ ಗೌರವವಿಲ್ಲದವರು.

ವಾಸ್ತವ: ಅತ್ತೆಗೆ ನೋವಾದದ್ದು ಇಲ್ಲಿ. ಅಪ್ಪನಿಗೆ ಪಿಂಡ ಇಟ್ಟು ಬಂದ ಕೈಯಲ್ಲೇ ಆ ಪುಸ್ತಕ ಹಿಡಿದಿದ್ದೆನಲ್ಲ ಎಂದು ಅವರಿಗೆ ಸಂಕಟ.

ಚಾರ್ವಾಕರ ಪ್ರಶ್ನೆ ಕಟುವಾದದ್ದು ಹೌದು. ಇಲ್ಲಿ ಇಟ್ಟ ಅನ್ನ ಸ್ವರ್ಗದಲ್ಲಿರುವವರನ್ನು ತಣಿಸುವುದಾದರೆ, ಕೆಳಗೆ ಬಡಿಸಿದ್ದು ಮಹಡಿಯ ಮೇಲಿರುವವನ ಹೊಟ್ಟೆಯನ್ನು ಏಕೆ ತುಂಬುವುದಿಲ್ಲ, ಪ್ರಯಾಣಿಕ ಬುತ್ತಿ ಏಕೆ ಕಟ್ಟಿಕೊಂಡು ಹೋಗಬೇಕು ಎಂದು ಕೇಳುತ್ತಾರೆ. ಆದರೆ ಅದು ಸತ್ತವರನ್ನು ಕುರಿತ ಗೇಲಿಯಲ್ಲ, ಅನ್ನ ತಲುಪುವ ದಾರಿಯನ್ನು ಕುರಿತ ಪ್ರಶ್ನೆ. ಸತ್ತವರ ನೆಪದಲ್ಲಿ ಬದುಕಿರುವವರಿಂದ ವಸೂಲಿ ಮಾಡುವುದರ ಮೇಲೆ ಅವರಿಗೆ ಸಿಟ್ಟು. ಸಾಲ ತಂದು ತಿಥಿ, ಸಮಾರಾಧನೆ ಮಾಡಿ ವರ್ಷಗಟ್ಟಲೆ ಬಡ್ಡಿ ಕಟ್ಟಿದ ಮನೆಗಳನ್ನು ನಾನು ಬಲ್ಲೆ. ಸಾಲ ಮಾಡಿ ತುಪ್ಪ ಬಡಿಸಿದವರು ಅಲ್ಲಿ ಚಾರ್ವಾಕರಾಗಿರಲಿಲ್ಲ.

ಅಪ್ಪನಿಗೆ ವರ್ಷಕ್ಕೊಮ್ಮೆ ನಾನು ಎಳ್ಳು ನೀರು ಬಿಡುತ್ತೇನೆ. ಅದು ಅವರಿಗೆ ತಲುಪುತ್ತದೆ ಎಂಬ ನಂಬಿಕೆ ನನಗಿಲ್ಲ. ಅವರನ್ನು ಕಂಡವರೆಲ್ಲ ಆ ದಿನ ಒಂದು ಪಂಕ್ತಿಯಲ್ಲಿ ಕೂತು ಉಣ್ಣುವುದು, ಅವರಿಗೆ ಇಷ್ಟವಾದ ಗಸಗಸೆ ಪಾಯಸ ಎಲೆಗೆ ಬೀಳುವುದು ನನಗೆ ಬೇಕು. ಅಮ್ಮನಿಗೆ ಬೇಕು. ಇದನ್ನು ಅತ್ತೆಗೆ ಹೇಳಿದೆ. ಅವರು ಒಪ್ಪಿದರೆಂದು ಅಲ್ಲ, ಕೇಳಿಸಿಕೊಂಡರು.

ತಪ್ಪು ಕಲ್ಪನೆ: ಚಾರ್ವಾಕರ ಮಾತು ಕೇಳಿದರೆ ಇದ್ದ ನಂಬಿಕೆಯೂ ಹೋಗುತ್ತದೆ.

ವಾಸ್ತವ: ವಿದ್ಯಾರಣ್ಯರ ನಂಬಿಕೆ ಹೋಗಲಿಲ್ಲ. ಶೃಂಗೇರಿ ಪೀಠದಲ್ಲಿ ಕೂತವರು, ಅದ್ವೈತಿಗಳು. ಅವರದೆಂದು ಬಂದಿರುವ ಗ್ರಂಥ ಚಾರ್ವಾಕದಿಂದ ಹೊರಟು ಒಂದೊಂದೇ ದರ್ಶನವನ್ನು ಏರಿ ಅದ್ವೈತದಲ್ಲಿ ಮುಗಿಯುತ್ತದೆ. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ಉತ್ತರ ಕೊಡುವುದು ನಮ್ಮ ಶಾಸ್ತ್ರಗಳ ಮರ್ಯಾದೆ. ಅದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಅದನ್ನು ಬಿಟ್ಟು ಸಿದ್ಧಾಂತಕ್ಕೆ ನೇರವಾಗಿ ಹಾರಿದ ಪಂಡಿತನನ್ನು ಯಾವ ಸಭೆಯೂ ಮನ್ನಿಸುತ್ತಿರಲಿಲ್ಲ. ಈಗ ನಮ್ಮ ಮನೆಗಳಲ್ಲಿ ಕಾಣೆಯಾಗಿರುವುದು ಆ ಮರ್ಯಾದೆಯೇ.

ಸಂಜೆ ಹೊರಡುವಾಗ ದೊಡ್ಡಪ್ಪ ಪುಸ್ತಕವನ್ನು ವಾಪಸು ಕೊಡಲಿಲ್ಲ, ಓದಿ ಕಳಿಸುತ್ತೇನೆ ಎಂದರು. ಅದು ಇನ್ನೂ ಅವರ ಬಳಿಯೇ ಇದೆ. ಆ ಮೊದಲ ಅಧ್ಯಾಯ ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಚಾರ್ವಾಕರನ್ನು ಬೈಯಬೇಕೆನ್ನಿಸಿದರೆ ಬೈಯಿರಿ, ಅದನ್ನು ಓದಿಕೊಂಡು ಬೈಯಿರಿ.